ಬುಧವಾರದ ಮೇಡಂ

ಗಂಡ “ಇವತ್ತು ನಿನ್ನ ದಿನ ಹೇಗಿತ್ತು?” ಎಂದು ಕೇಳಿದ ಸಂಜೆಯೇ ಅವಳಿಗೆ ಅನುಮಾನ ಶುರುವಾಯಿತು. ಅವಳು ಜ್ವರದಿಂದ ಮಲಗಿದ್ದಾಗಲೂ “ಮಾತ್ರೆ ಮೇಜಿನ ಮೇಲಿದೆ” ಎಂದಷ್ಟೇ ಹೇಳಿ ಗ್ಯಾರೇಜಿಗೆ ಹೋದ ಆಸಾಮಿ ಅವನು. ಈಗ ದಿನಾ ತಪ್ಪದೆ, ಮುಖ ನೋಡಿ ವಿಚಾರಿಸುತ್ತಾನೆ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಎಲ್ಲಾ ಆ ಮೇಡಂ ಬಂದಮೇಲೆ. ಎರಡನೇ ತರಗತಿಯ ಮಗಳಿಗೆ ಆಟಿಸಂ ಇದೆ ಎಂದು ಗೊತ್ತಾದಾಗಿನಿಂದ, ಬುಧವಾರ ಸಂಜೆ ಶಾಲೆಯ ಕೌನ್ಸೆಲರ್ ಬಳಿ ಕರೆದೊಯ್ಯುವುದು ಗಂಡನ ಪಾಲಿನ ಕೆಲಸ. ಇವಳಿಗೆ ಹೊಲಿಗೆ ಅಂಗಡಿ ಬಿಟ್ಟು ಬರಲಾಗದು. ಮಗಳಿಗೆ ಒಳ್ಳೆಯದಾಗಿದ್ದು ನಿಜ. ಗಲಾಟೆಯಾದರೆ ಕಿವಿ ಮುಚ್ಚಿ ಕಿರುಚುತ್ತಿದ್ದವಳು ಈಗ “ಆಚೆ ಹೋಗ್ಲಾ?” ಎಂದು ಕೇಳುತ್ತಾಳೆ. ಆದರೆ ಗಂಡನ ಬಾಯಲ್ಲೂ ಬರೀ ಮೇಡಂ, ಮೇಡಂ. ಮನೆಯಲ್ಲಿ ಊಟಕ್ಕೆ ಕೂತರೆ ಬೇರೆ ಮಾತಿಗೆ ಬಾಯಿಗೆ ಬೀಗ, ಅಲ್ಲಿ ಅದೇನು ಹರಟೆಯೋ!

ಮಗಳನ್ನೇ ವಿಚಾರಿಸಿದಳು.

“ನಂದು ಬೇಗ ಮುಗಿಯುತ್ತೆ. ಆಮೇಲೆ ಮರಳಲ್ಲಿ ಆಡ್ತೀನಿ. ಅಪ್ಪ ಒಳಗೇ ಇರ್ತಾರೆ.”

ಮುಂದಿನ ಬುಧವಾರ ಅರ್ಧ ಹೊಲಿದ ರವಿಕೆಯನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಮದುವೆ ಮುರಿದರೆ ಮಗಳನ್ನು ಒಬ್ಬಳೇ ಹೇಗೆ ಸಾಕುವುದೆಂದೂ ಯೋಚಿಸಿ ಕಣ್ಣೊರೆಸಿಕೊಂಡಳು.

ಮಗಳು ಅಂಗಳದಲ್ಲಿ ಮರಳಿನ ಮೇಲೆ ಗೆರೆ ಎಳೆಯುತ್ತಿದ್ದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಅವರಿಬ್ಬರೂ ಎದುರುಬದುರು ಕೂತಿದ್ದರು.

“ನೀನು ಬೇಜಾರಾದ್ರೆ ನಂಗೆ ಗೊತ್ತಾಗಲ್ಲ, ಬಾಯಿಬಿಟ್ಟು ಹೇಳು,” ಎನ್ನುತ್ತಿದ್ದ ಗಂಡ. “ನಂಗೆ ನೀನು ಬೇಕು.”

ಮೇಡಂ ನಕ್ಕರು. “ಎಷ್ಟು ಚೆನ್ನಾಗಿ ಹೇಳಿದ್ರಿ. ಇನ್ನೊಂದ್ಸಲ ಹೇಳಿ.”

ಇವಳು ಬಾಗಿಲು ದಬ್ಬಿದಳು. ಜೋಡಿಸಿಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. “ನನ್ಹತ್ರ ಒಂದಿನಾನಾದ್ರೂ ಹೀಗೆ ಹೇಳಿದ್ದೀರಾ?” ಎಂದಳು.

ಮೇಡಂ ಇನ್ನೊಂದು ಕುರ್ಚಿ ಎಳೆದರು. ಗಂಡ ಎದ್ದು ನಿಂತು, ಅವಳ ಹುಬ್ಬುಗಳ ನಡುವೆ ದೃಷ್ಟಿ ನೆಟ್ಟ.

“ನಿಂಗೆ ಹೇಳೋಕೇ ಇಲ್ಲಿ ಕಲೀತಿದ್ದೀನಿ. ಮಗಳ ಬಗ್ಗೆ ಮೇಡಂ ಏನೇ ಕೇಳಿದ್ರೂ ‘ನಾನೂ ಹಾಗೇ’ ಅಂತಿದ್ದೆ. ಡಾಕ್ಟರ್‌ಗೆ ತೋರಿಸಿದ್ಮೇಲೆ ಗೊತ್ತಾಯ್ತು, ಅವಳಿಗಿರೋದು ನಂಗೂ ಇದೆ.”