ಹೆಸರು ಕೇಳುವುದಿಲ್ಲ

"ಹಲೋ" ಎಂಬ ಒಂದೇ ಮಾತಿಗೆ ಅವಳಿಗೆ ಗೊತ್ತಾಗಿಹೋಯಿತು. ಆ ಕಡೆಯಿಂದ ಮಾತಾಡುತ್ತಿರುವವನು ತನ್ನ ಗಂಡ. ಅವನಿಗೂ ಅವಳ ದನಿ ತಿಳಿಯದೇ?

"ಹೇಳಿ ಸರ್, ಇಲ್ಲಿ ಯಾರೂ ನಿಮ್ಮ ಹೆಸರು ಕೇಳೋದಿಲ್ಲ" ಎಂದಳು.

"ಮೇಡಂ, ಹಳೇ ಗೋದಾಮಿನಿಂದ ಮಾತಾಡ್ತಿದ್ದೀನಿ. ಇಲ್ಲಿ ಮಾಲು ಇದ್ದ ಜಾಗದಿಂದ ಅಲ್ಲಾಡಿಲ್ಲ. ಆದ್ರೂ ಮಾರಾಟ ಆಯ್ತು ಅಂತ ಲೆಕ್ಕಕ್ಕೆ ಏರಿಸ್ತಿದ್ದಾರೆ. ಹಿಂದಿನವರು ಮಾಡಿದ್ದೂ ಇದನ್ನೇ ಅಲ್ವಾ?"

ಹಿಂದಿನವರು ಸುಳ್ಳು ಲೆಕ್ಕ ತೋರಿಸಿ ಜೈಲು ಸೇರಿದ ಮೇಲೆ ಕಂಪನಿಗೆ ಹೊಸ ಆಡಳಿತ ಮಂಡಳಿ ಬಂದಿತ್ತು. ಗೋಡೆಗೆ ಹೊಸ ಬಣ್ಣ, ಬಾಗಿಲ ಮೇಲೆ 'ಪಾರದರ್ಶಕತೆ' ಎಂಬ ಫಲಕ, ನೌಕರರು ಹೆದರದೆ ದೂರು ಹೇಳಿಕೊಳ್ಳಲು ಈ ಫೋನು. ಅದರ ಮುಂದೆ ಕೂರುವುದೇ ಅವಳ ಕೆಲಸ. ಇಷ್ಟು ದಿನ ಅದು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಸಂಜೆ ಮನೆಯಲ್ಲಿ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ ಎಂದು ಅವಳು ಗೊಣಗಿದಳು. ನಾಳೆ ನೋಡುತ್ತೇನೆ ಎಂದು ಅವನು ಜಾರಿಕೊಂಡ. ಆಮೇಲೆ ಮೆಲ್ಲಗೆ, "ಬರೆದು ಕಳಿಸಿದ್ಯಾ?" ಎಂದ.

"ಒಂದಕ್ಷರ ಬಿಡದೆ."

ಮರುದಿನ ಅಧ್ಯಕ್ಷರು ಅವಳನ್ನು ಕರೆಸಿಕೊಂಡರು. "ಶಹಬ್ಬಾಸ್ ಕಣಮ್ಮ! ನಾವು ಬಂದಿದ್ದೇ ಇದಕ್ಕೆ. ಅಂದಹಾಗೆ, ಫೋನ್ ಮಾಡಿದ್ದು ಯಾರು?"

"ಹೆಸರು ಕೇಳಬಾರದು ಅಂತ ನಿಯಮ ಮಾಡಿದ್ದು ತಾವೇ ಸರ್."

"ಅದು ಹೊರಗಿನವರಿಗೆ. ನಾವು ನಾವು ಒಂದೇ ಮನೆಯವರಲ್ವಾ?"

"ದನಿ ಗುರುತು ಸಿಗ್ಲಿಲ್ಲ ಸರ್."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗ್ಲಿ ಬಿಡಿ. ಕೊಟ್ಟ ಮಾತು ಮಾತೇ" ಎಂದು ನಕ್ಕರು. ಹೋದ ಜೀವ ಬಂದಂತಾಗಿ ಅವಳು ಹೊರಗೆ ಬಂದಳು.

ಆ ವಾರ ಕಳೆಯುವುದರೊಳಗೆ ಸುಧಾರಣೆಯ ಹೆಸರಿನಲ್ಲಿ ಹಳೇ ಗೋದಾಮಿಗೆ ಬೀಗ ಬಿತ್ತು. ಅಲ್ಲಿ ಇದ್ದವರೇ ಮೂವರು: ಅವಳ ಗಂಡ, ಕಾವಲುಗಾರ ಮತ್ತು ನಿವೃತ್ತಿಯ ಅಂಚಿನಲ್ಲಿದ್ದ ತೂಕದವ. ಮೂವರನ್ನೂ ಮನೆಗೆ ಕಳಿಸಿದರು. ಯಾರ ಹೆಸರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಅಲ್ಲಾಡದ ಮಾಲು ಇನ್ನೊಂದು ಗೋದಾಮಿನ ಲೆಕ್ಕದಲ್ಲಿ ಮತ್ತೊಮ್ಮೆ ಮಾರಾಟವಾಯಿತು.

ತಾನೂ ಕೆಲಸ ಬಿಡುತ್ತೇನೆ ಎಂದು ಅವಳು ಹಟ ಹಿಡಿದಳು. ಗಂಡ ಸಿಡುಕಿದ. "ನೀನೂ ಬಿಟ್ರೆ ಹೊಟ್ಟೆಗೇನು? ಹೋಗಿ ಆ ಫೋನಿನ ಮುಂದೇನೇ ಕೂತ್ಕೋ."

ಭಾನುವಾರ ತೂಕದವ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಅಂಗೈ ತಿಕ್ಕಿಕೊಂಡ. "ಆ ತಕ್ಕಡಿ ಪಕ್ಕದಲ್ಲೇ ನನ್ನ ತಲೆ ಹಣ್ಣಾಯ್ತು ಕಣಯ್ಯಾ. ಕಂಪನಿ ಮೇಲೆ ನಂಗೆ ಸಿಟ್ಟಿಲ್ಲ. ಯಾರೋ ಫೋನ್ ಮಾಡಿ ಊದಿದ್ರಂತಲ್ಲ, ಅದಕ್ಕೇ ಇಷ್ಟೆಲ್ಲ. ಆ ಕಾವಲುಗಾರನದೇ ಕೆಲಸ. ನಿನ್ನೆ ಬೀದೀಲಿ ಸಿಕ್ಕಿದ್ದ. ಕೊರಳಪಟ್ಟಿ ಹಿಡಿದು ನಾಲ್ಕು ಬಾರಿಸಿ ಬಂದೆ. ಏನಂತೀಯಾ, ಅವನೇ ತಾನೇ?"

ಚಹಾದ ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಗಂಡ ಅವಳತ್ತ ಕಣ್ಣೆತ್ತಲಿಲ್ಲ.

"ಇರ್ಬೋದು ಅಣ್ಣ" ಎಂದ.