ಅಂಗೈ ಮೇಲಿನ ಎರಡು ಶಬ್ದ

ನುಸಿಗುಳಿಗೆಯ ವಾಸನೆ ಎಂದರೆ ಹೆಪ್ಸಿಬಾಳಿಗೆ ಬಾಲ್ಯದ ಭಾನುವಾರ, ಪೆಟ್ಟಿಗೆಯಿಂದ ಹೊರಬರುತ್ತಿದ್ದ ಅಪ್ಪನ ಕಪ್ಪು ಪಾದ್ರಿ ನಿಲುವಂಗಿ. ಅಂಥದೊಂದನ್ನು ತಾನೂ ತೊಡಬೇಕೆಂದೇ ಅವಳು ಈ ದೇವಶಾಸ್ತ್ರ ಕಾಲೇಜಿಗೆ ಸೇರಿದ್ದಳು. ಈಗ ಗ್ರೀಕ್ ಪರೀಕ್ಷೆಯಲ್ಲಿ ಅಂಗೈ ಮೇಲೆ ಬರೆದುಕೊಂಡು ಹೋಗಿ, ಕಲಿಸಿದ ಪಾದ್ರಿ ಅಯ್ಯನವರ ಕೈಗೇ ಸಿಕ್ಕಿಬಿದ್ದಿದ್ದಳು. ಊಟದ ಹಾಲ್‌ನಲ್ಲಿ ಎಲ್ಲರೆದುರು ನಿಂತು ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ಮನೆಗೆ ಹೋಗಬೇಕು ಎಂದಿದ್ದರು ಪ್ರಾಂಶುಪಾಲರು.

"ಏನು ಬರೆದಿದ್ದೆ ಮಾರಾಯ್ತಿ?" ಕೋಣೆಯ ಗೆಳತಿ ಸುಜಯಾ ಕೇಳಿದಳು.

"ಐಸ್ಕ್ಯುನೆ, ಇಂಗ್ಲಿಷಿನಲ್ಲಿ ಶೇಮ್. ಅತಿಮಿಯಾ, ಡಿಸ್‌ಆನರ್."

"ಕಾಪಿ ಹೊಡೀಲಿಕ್ಕೆ ನಾಚಿಕೆ, ಅವಮಾನವೇ ಸಿಕ್ಕಿದ್ದಾ ನಿನಗೆ!" ಸುಜಯಾ ನಕ್ಕುಬಿಟ್ಟಳು.

ಹೆಪ್ಸಿಬಾ ನಗಲಿಲ್ಲ. "ಯಾವುದು ಯಾವುದೂಂತ ನೆನಪೇ ಉಳೀತಿರಲಿಲ್ಲ. ಒಂದು ನಮ್ಮೊಳಗೇ ಹುಟ್ಟುವುದಂತೆ, ಇನ್ನೊಂದು ನಾಲ್ಕು ಜನ ನೋಡಿ ನಮ್ಮ ಮೇಲೆ ಹೊರಿಸುವುದಂತೆ. ಇವತ್ತು ಎರಡೂ ಸರಿಯಾಗಿ ಗೊತ್ತಾಗ್ತದೆ."

ಸುಜಯಾಳ ನಗು ನಿಂತಿತು. ಅವಳು ಗಡಿಬಿಡಿಯಿಂದ ಎದ್ದು ಹೊರಗೆ ಹೋದಳು.

ಊಟದ ಗಂಟೆ ಬಾರಿಸಿದಾಗ ಹೆಪ್ಸಿಬಾ ಹಾಲ್‌ನ ಬಾಗಿಲಿಗೆ ಬಂದಳು. ಒಳಗೆ ಎಲ್ಲರೂ ಅವಳಿಗೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ ಕೂತಿದ್ದರು. ಬಾಗಿಲ ಪಕ್ಕದಲ್ಲಿದ್ದ ಗ್ರೀಕ್ ಅಯ್ಯನವರೂ ಹಾಗೆಯೇ ಕೂತಿದ್ದರು. ಇನ್ನು ತನ್ನ ಮುಖ ನೋಡುವವರೂ ಇಲ್ಲವಾದರು ಎಂದುಕೊಂಡಳು. ಹಿಂದಿರುಗಿ ಹೋಗಿ ಪೆಟ್ಟಿಗೆ ಕಟ್ಟೋಣವೆನಿಸಿತು.

"ಹೇಳಿ ಮುಗಿಸಿಬಿಡು ಮಗಾ, ಯಾರೂ ನೋಡುವುದಿಲ್ಲ, ಸುಜಯಾ ಎಲ್ಲರಿಗೂ ಹೇಳಿಟ್ಟಿದ್ದಾಳೆ," ಎಂದು ಪಿಸುಗುಟ್ಟಿದ ಅಯ್ಯನವರು, ತಲೆ ತಿರುಗಿಸದೆಯೇ, ಬಡಿಸಿದ ತಟ್ಟೆಯೊಂದನ್ನು ಹಿಂದಕ್ಕೆ ಚಾಚಿ ಅವಳ ಕೈಗೆ ಕೊಟ್ಟರು.