ಚುಕ್ಕೆಗೆರೆಯ ದಾರಿ

ಗ್ರೀಷ್ಮಾ ಗೋಡೆಯ ಮೇಲಿದ್ದಳು. ಒಂದು ಕಾಲು ಈಚೆ, ಒಂದು ಕಾಲು ಆಚೆ. ಆಚೆಯ ಅಂಗಳದಲ್ಲಿ ಕರಿನಾಯಿಯೊಂದು ಗಂಟಲು ಹರಿಯುವಂತೆ ಬೊಗಳುತ್ತಿತ್ತು.

"ಹೆದರಬೇಡಿ, ಕಚ್ಚುವುದಿಲ್ಲ," ಎಂದರು ಈಚೆ ಕೆಳಗೆ ನಿಂತಿದ್ದ ನಿತ್ಯಾನಂದ ಮಾವ. ದನಿ ಕೇಳಿದ್ದೇ ನಾಯಿ ಸುಮ್ಮನಾಗಿ ಬಾಲ ಅಲ್ಲಾಡಿಸಿತು. "ಹಲಸಿನ ಮರದ ಬುಡ ನೋಡಿ. ಕಲ್ಲಿನ ಮೆಟ್ಟಿಲು ಉಂಟಾ?"

ಇತ್ತು. ಪಾಚಿಗಟ್ಟಿದ ಐದು ಮೆಟ್ಟಿಲು ನೇರ ಹಿನ್ನೀರಿಗೆ ಇಳಿದಿದ್ದವು.

"ಸಿಕ್ಕಿತು ಮಾವ! ಹಳೆಯ ದೋಣಿ ಕಡವು ಇದೇ!"

ಅವಳು ಫೋಟೊ ತೆಗೆಯುವಷ್ಟರಲ್ಲಿ ಮನೆಯೊಳಗಿಂದ ಹೆಂಗಸಿನ ದನಿಯೊಂದು ಗುಡುಗಿತು. ಗ್ರೀಷ್ಮಾ ಈಚೆ ಹಾರಿ ನೋಡಿದರೆ ಮಾವ ಆಗಲೇ ಬಾಳೆಗಿಡಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು.

ಕಾಸರಗೋಡಿನ ಹುಡುಗಿ. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ಪಾಲಾರಿವಟ್ಟದಲ್ಲಿ ಬಾಡಿಗೆ ಮನೆ. ಭಾನುವಾರ ಬಂತೆಂದರೆ ನೂರು ವರ್ಷದ ಸರ್ವೆ ನಕ್ಷೆಗಳನ್ನು ಮೊಬೈಲಿನಲ್ಲಿ ಇಂದಿನ ನಕ್ಷೆಯ ಮೇಲೆ ಹೊದಿಸಿಕೊಂಡು ಹಳ್ಳಿ ಸುತ್ತುವುದೇ ಅವಳ ಹುಚ್ಚು. ಮುಚ್ಚಿದ ಬಾವಿ, ಮರೆತ ಸಂತೆ, ಯಾವುದು ಸಿಕ್ಕರೂ ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಅದನ್ನು ಓದಿಯೇ ನೋಂದಣಿ ಇಲಾಖೆಯಿಂದ ನಿವೃತ್ತರಾದ ನಿತ್ಯಾನಂದ ಫೋನ್ ಮಾಡಿ, ಈ ಹಳ್ಳಿಯ ಹಳೆಯ ಕಡವು ಹುಡುಕಲು ಕರೆದದ್ದು. ಊರಿನ ಕನ್ನಡ ಕಿವಿಗೆ ಬಿದ್ದದ್ದೇ ಅವಳು ಒಪ್ಪಿಬಿಟ್ಟಳು.

೧೯೧೪ರ ನಕ್ಷೆಯಲ್ಲಿ ಈ ಹಳ್ಳಿಯ ಸಂತೆಯಿಂದ ಕಡವಿಗೆ ಚುಕ್ಕೆಗೆರೆಯೊಂದಿತ್ತು. ಕಾಲುದಾರಿ. ಈಗ ಅದರ ಮೇಲೆ ಎಂಟಡಿ ಗೋಡೆ.

"ಮನೆ ಯಾರದ್ದು ಮಾವ?"

"ಒಬ್ಬ ಪುಕ್ಕಲನದ್ದು," ಎಂದರು ಅವರು ಪ್ಯಾಂಟಿನ ಮಣ್ಣು ಕೊಡವುತ್ತ.

ಮೀನಿನ ಬುಟ್ಟಿ ಹೊತ್ತು ಬಂದ ಜುಬೈದಾ ಉಳಿದದ್ದನ್ನು ಹೇಳಿದಳು. ಗೋಡೆ ಎದ್ದಂದಿನಿಂದ ದೋಣಿಗೆ ಎರಡು ಕಿಲೋಮೀಟರ್ ಸುತ್ತು. ಹೋದ ವರ್ಷ ಹೆರಿಗೆ ನೋವು ಬಂದ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ ಆ ಸುತ್ತುದಾರಿಯಲ್ಲೇ ಹೊತ್ತರಂತೆ. ಅರ್ಧ ದಾರಿಯಲ್ಲಿ ಮಗು ಹುಟ್ಟಿತು.

"ಕೇಸು ಹಾಕಿ ಜುಬೈದಕ್ಕ, ನಕ್ಷೆ ನಾನು ತರುತ್ತೇನೆ," ಎಂದಳು ಗ್ರೀಷ್ಮಾ.

ಜುಬೈದಾ ನಿತ್ಯಾನಂದರತ್ತ ನೋಡಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. "ಸಾರೇ ನಿಮ್ಮ ಜೊತೆ ಇದ್ದಾರಲ್ಲ ಮೋಳೇ, ಇನ್ನೇನು ಭಯ?"

ಗೋಡೆಯ ಸರ್ವೆ ನಂಬರು ಮಾತ್ರ ಬರೆದ ಅರ್ಜಿಗೆ ಹನ್ನೆರಡು ಹೆಂಗಸರು ಸಹಿ ಹಾಕಿದರು. ನಿತ್ಯಾನಂದ ಮಾತ್ರ ಹಿಂದೆ ಸರಿದರು. "ಅದರಲ್ಲಿ ನನ್ನ ಸಹಿ ಚಂದ ಕಾಣುವುದಿಲ್ಲ." ಇಷ್ಟು ಓಡಾಡಿದವರು ಸಹಿಗೆ ಹೆದರಿದರಲ್ಲ ಎಂದು ಗ್ರೀಷ್ಮಾಳಿಗೆ ಪಿಚ್ಚೆನಿಸಿತು.

ಆದರೂ ನಕ್ಷೆಯ ದೃಢೀಕೃತ ಪ್ರತಿಗಾಗಿ ಅವರು ಅವಳೊಂದಿಗೆ ತಿರುವನಂತಪುರಕ್ಕೆ ಬಂದರು. ಕೆಲಸ ಮುಗಿಸಿ ತಂಪಾನೂರಿನ ಚಹಾದಂಗಡಿಯಲ್ಲಿ ಕೂತಾಗ ಅವರ ಫೋನ್ ಬಡಿದುಕೊಂಡಿತು.

"ಹೂಂ ಅಕ್ಕ, ದೇವಸ್ಥಾನದಲ್ಲೇ ಇದ್ದೇನೆ. ಹೂಂ, ನಿನ್ನ ಹೆಸರಲ್ಲೂ ಅರ್ಚನೆ ಮಾಡಿಸಿದೆ."

ಫೋನ್ ಇಟ್ಟು, ಬಾಳೆಹಣ್ಣಿನ ಪಳಂಪೊರಿ ಕಚ್ಚಿದರು.

"ಅಕ್ಕನಿಗೆ ಇಷ್ಟು ಹೆದರುವುದಾ ಮಾವ?"

"ರಿಟೈರ್ಡ್ ಸರಕಾರಿ ವಕೀಲೆ, ಮಾರಾಯ್ತಿ. ಅವಳ ಎದುರು ಬಾಯಿ ತೆರೆದು ಗೆದ್ದವರನ್ನು ನಾನು ಕಂಡಿಲ್ಲ."

ವಿಚಾರಣೆಯ ದಿನ ಕಂದಾಯ ಅಧಿಕಾರಿ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಗ್ರೀಷ್ಮಾ ಸಂತೆಯಿಂದ ಕಡವಿನವರೆಗೆ ಬೆರಳು ಎಳೆದು ತೋರಿಸಿದಳು. ಬೆಂಚಿನಲ್ಲಿ ಜುಬೈದಾ ಮೊಮ್ಮಗುವನ್ನು ತೊಡೆಯ ಮೇಲೆ ಕುಣಿಸುತ್ತಿದ್ದಳು. ಅಧಿಕಾರಿ ಮೆಟ್ಟಿಲಿನ ಫೋಟೊ ನೋಡಿದರು, ಸ್ಕೇಲ್ ಇಟ್ಟು ಅಳೆದರು, ಕನ್ನಡಕ ತೆಗೆದರು.

"ಇಲ್ಲಿ ದಾರಿ ಇತ್ತೆನ್ನುವುದರಲ್ಲಿ ಸಂಶಯವಿಲ್ಲ. ಗೋಡೆಯ ಮಾಲೀಕರು ಬಂದಿದ್ದಾರಾ? ಆಕ್ಷೇಪ ಏನಾದರೂ ಉಂಟಾ?"

ಆ ಪುಕ್ಕಲನ ಮುಖ ನೋಡಲೇಬೇಕೆಂದು ಗ್ರೀಷ್ಮಾ ಬಾಗಿಲಿನತ್ತ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಅವಳ ಪಕ್ಕದ ಕುರ್ಚಿ ಕಿರುಗುಟ್ಟಿತು. ನಿತ್ಯಾನಂದ ಮಾವ ಎದ್ದು ಕೈಮುಗಿದರು.

"ಆಕ್ಷೇಪ ಏನೂ ಇಲ್ಲ ಸಾರ್, ಗೋಡೆ ನಾಳೆಯೇ ಒಡೆಸುತ್ತೇನೆ. ಆದೇಶ ಮಾತ್ರ ಬರವಣಿಗೆಯಲ್ಲಿ ಕೊಡಿ, ಮನೆಯಲ್ಲಿ ಅಕ್ಕನಿಗೆ ತೋರಿಸಬೇಕು."